ಒಂದು ಜಾಗಕ್ಕೆ ಒಂದೇ ವಿಳಾಸ

ಕೇಳುಗರಿಗೆ ನಮಸ್ಕಾರ. ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಹೇಳಬಯಸುವುದು ಒಂದೇ ಮಾತು: ಮೆಮೊರಿಯ ಒಂದು ಜಾಗಕ್ಕೆ ಒಂದೇ ವಿಳಾಸವಿರಬೇಕು.

ಇಂಟೆಲ್ ಸಂಸ್ಥೆ 1978ರಲ್ಲಿ ಹೊರತಂದ 8086 ಪ್ರೊಸೆಸರ್‌ನ ರಿಜಿಸ್ಟರ್‌ಗಳು, ಅಂದರೆ ಅದರೊಳಗೆ ಸಂಖ್ಯೆ ಇಟ್ಟುಕೊಳ್ಳುವ ಪುಟ್ಟ ಜಾಗಗಳು, 16 ಬಿಟ್‌ನವು. ಅಂಥ ಒಂದು ರಿಜಿಸ್ಟರ್ 64 ಕಿಲೋಬೈಟ್‌ಗಳನ್ನಷ್ಟೇ ಗುರುತಿಸಬಲ್ಲದು. ಆದರೆ ವಿಳಾಸ ಸಾಗಿಸುವ ತಂತಿಗಳು 20 ಇದ್ದವು, ಅಂದರೆ ಒಂದು ಮೆಗಾಬೈಟ್. ಈ ಕೊರತೆ ನೀಗಿಸಲು ವಿಳಾಸವನ್ನೇ ಎರಡು ಭಾಗ ಮಾಡಿದರು. ಸೆಗ್ಮೆಂಟ್ ಎಂದರೆ ಮೆಮೊರಿಯ ಒಂದು ತುಂಡು, ಆಫ್‌ಸೆಟ್ ಎಂದರೆ ಆ ತುಂಡಿನ ಆರಂಭದಿಂದ ಇರುವ ದೂರ: ಸೆಗ್ಮೆಂಟ್ ಸಂಖ್ಯೆಯನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸಬೇಕು. ದಯವಿಟ್ಟು ಲೆಕ್ಕ ಹಾಕಿ ನೋಡಿ. ಸೆಗ್ಮೆಂಟ್ 100, ಆಫ್‌ಸೆಟ್ 16 ಎಂದರೆ 1616. ಸೆಗ್ಮೆಂಟ್ 101, ಆಫ್‌ಸೆಟ್ ಸೊನ್ನೆ ಎಂದರೂ 1616. ಹೀಗೆ ಒಂದೇ ಬೈಟ್‌ಗೆ 4096 ವಿಳಾಸಗಳವರೆಗೆ ಇರಬಹುದು. ಎರಡು ಪಾಯಿಂಟರ್‌ಗಳು, ಅಂದರೆ ಪ್ರೋಗ್ರಾಂ ಹಿಡಿದಿಟ್ಟುಕೊಂಡ ವಿಳಾಸಗಳು, ಒಂದೇ ಕಡೆ ತೋರಿಸುತ್ತಿವೆಯೇ ಎಂಬುದು ಸಹ ಅವನ್ನು ನೇರವಾಗಿ ಹೋಲಿಸಿದರೆ ತಿಳಿಯುವುದಿಲ್ಲ.

ಇದರ ಫಲ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಎ20 ತಂತಿಯ ಕಥೆಯನ್ನು ಕೇಳಲೇಬೇಕು. 8086ರಲ್ಲಿ ಅತಿ ದೊಡ್ಡ ಸೆಗ್ಮೆಂಟ್ ಸಂಖ್ಯೆಗೆ 16 ಅಥವಾ ಅದಕ್ಕಿಂತ ದೊಡ್ಡ ಆಫ್‌ಸೆಟ್ ಸೇರಿಸಿದರೆ ಮೊತ್ತ ಒಂದು ಮೆಗಾಬೈಟನ್ನು ಮುಟ್ಟಿ ಮೀರುತ್ತದೆ. ಅದನ್ನು ಒಯ್ಯಲು 21ನೆಯ ತಂತಿ ಇಲ್ಲದ್ದರಿಂದ ವಿಳಾಸ ಸುತ್ತಿಕೊಂಡು ಮೆಮೊರಿಯ ಆರಂಭಕ್ಕೇ ಬರುತ್ತದೆ. ಕೆಲವು ಪ್ರೋಗ್ರಾಂಗಳು ಈ ಸುತ್ತುವಿಕೆಯನ್ನೇ ನೆಚ್ಚಿಕೊಂಡಿದ್ದವು. 1984ರಲ್ಲಿ ಐಬಿಎಂ ತನ್ನ ಪಿಸಿ ಎಟಿಯಲ್ಲಿ 24 ತಂತಿಗಳ 80286 ಅಳವಡಿಸಿದಾಗ ಅದೇ ವಿಳಾಸ ನಿಜವಾಗಿಯೂ ಮೆಗಾಬೈಟಿನಾಚೆ ಹೋಗತೊಡಗಿತು. ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಎಂಜಿನಿಯರುಗಳು ಆ 21ನೆಯ ತಂತಿಗೆ, ಸೊನ್ನೆಯಿಂದ ಎಣಿಸುವುದರಿಂದ ಎ20 ಎನಿಸಿಕೊಂಡದ್ದಕ್ಕೆ, ಒಂದು ಗೇಟ್ ಹಾಕಿದರು. ಅದನ್ನು ತೆರೆದು ಮುಚ್ಚುವ ಹೊಣೆಯನ್ನು ಕೀಬೋರ್ಡ್ ಕಂಟ್ರೋಲರ್‌ನಲ್ಲಿ ಬಿಡುವಾಗಿದ್ದ ಪಿನ್ನಿಗೆ ವಹಿಸಿದರು. ಕೀಲಿಗಳನ್ನು ಗಮನಿಸಬೇಕಾದ ಚಿಪ್ ಮೆಮೊರಿಯ ಬಾಗಿಲು ಕಾಯತೊಡಗಿತು! ಮುಂದೆ ಎಷ್ಟೋ ವರ್ಷ ಆಪರೇಟಿಂಗ್ ಸಿಸ್ಟಂ ಬರೆದವರು ಮೊದಲಿಗೆ ಈ ಗೇಟನ್ನು ತೆರೆಯಬೇಕಾಯಿತು. ಒಂದು ಜಾಗಕ್ಕೆ ಒಂದೇ ವಿಳಾಸವಿದ್ದಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊಟೊರೋಲಾದ 68000 ಪ್ರೊಸೆಸರ್ 1979ರಲ್ಲೇ 16 ಮೆಗಾಬೈಟನ್ನು ಸೀದಾ ಸಾಲಾಗಿ, ಅಂದರೆ ಫ್ಲಾಟ್ ಆಗಿ, ಕೊಟ್ಟಿತ್ತು. ಇಂಟೆಲ್ 1985ರ 80386ರಲ್ಲಿ 4 ಗಿಗಾಬೈಟ್‌ಗಳ ಫ್ಲಾಟ್ ವಿಳಾಸಕ್ಕೆ ದಾರಿ ಮಾಡಿತು. ಪ್ರೋಗ್ರಾಂಗಳನ್ನು ಒಂದರಿಂದ ಒಂದು ಕಾಪಾಡಲು ಸೆಗ್ಮೆಂಟ್ ಬೇಕಲ್ಲವೇ ಎಂದು ಇಂದಿಗೂ ಕೇಳುವವರಿದ್ದಾರೆ. ಬೇಡ, ಆ ಕೆಲಸಕ್ಕೆ ಪೇಜಿಂಗ್, ಅಂದರೆ ಮೆಮೊರಿಯನ್ನು ಪುಟಗಳಾಗಿ ಹಂಚಿ ಯಾವ ಪ್ರೋಗ್ರಾಂಗೆ ಯಾವುದು ಎಂದು ನಿಗದಿಮಾಡುವ ವಿಧಾನ, ಇದೆ. ಎಎಂಡಿ 2003ರಲ್ಲಿ ತಂದ 64 ಬಿಟ್ ಪ್ರೊಸೆಸರ್‌ಗಳ 64 ಬಿಟ್ ಮೋಡ್‌ನಲ್ಲಿ ಎಫ್‌ಎಸ್, ಜಿಎಸ್ ಎಂಬೆರಡನ್ನು ಬಿಟ್ಟು ಮಿಕ್ಕ ಸೆಗ್ಮೆಂಟ್‌ಗಳ ಆರಂಭ ಸೊನ್ನೆಯೆಂದೇ ಎಣಿಕೆ, ಅಂದರೆ ಅಲ್ಲಿ ಆಫ್‌ಸೆಟ್ಟೇ ವಿಳಾಸ.