ಕೈ ಪಳಗಬೇಕು, ಕಣ್ಣೂ ಪಳಗಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಕೀಹೋಲ್ ಆಪರೇಷನ್ ಅಂತ ನೀವು ಕೇಳಿಯೇ ಇರುತ್ತೀರಿ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದಿಲ್ಲ. ಮೂರ್ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಉಪಕರಣ ಇಳಿಸಿ, ಪರದೆ ನೋಡಿಕೊಂಡು ಕೆಲಸ ಮಾಡುತ್ತಾರೆ. ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು, ಗಾಯದ ಗುರುತೂ ಚಿಕ್ಕದು. ಇದೆಲ್ಲ ನಿಜ. ಆದರೆ ನಾನಿವತ್ತು ಮಾತಾಡಬೇಕು ಅಂತಿರೋದು ಬೇರೆ ವಿಷಯ. ಆ ಸರ್ಜನ್ ಈ ಕೆಲಸ ಕಲಿತದ್ದು ಎಲ್ಲಿ? ಯಾರ ಮೇಲೆ?

1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಅನ್ನುವ ಸರ್ಜನ್ ಮೊಟ್ಟಮೊದಲು ಈ ದಾರಿಯಲ್ಲಿ ಪಿತ್ತಕೋಶ, ಅಂದರೆ ಯಕೃತ್ತಿನ ಕೆಳಗೆ ಪಿತ್ತರಸ ತುಂಬಿಡುವ ಚೀಲ, ತೆಗೆದರು. 1987ರಲ್ಲಿ ಫ್ರಾನ್ಸ್‌ನ ಫಿಲಿಪ್ ಮೂರೆ ಮಾಡಿದರು. ಆಮೇಲೆ ನಾಲ್ಕೈದು ವರ್ಷದಲ್ಲಿ ಇದು ಲೋಕವೆಲ್ಲ ಹಬ್ಬಿತು. ಎಷ್ಟು ಬೇಗ ಅಂದರೆ, ಹೊಟ್ಟೆ ತೆರೆದು ಆಪರೇಷನ್ ಮಾಡಿ ಕೈ ಪಳಗಿದ್ದ ಹಿರಿಯ ಸರ್ಜನ್‌ಗಳು ವಾರದ ಕೊನೆಯ ಎರಡು ದಿನ ಒಂದು ಕೋರ್ಸಿಗೆ ಹೋಗಿ ಬಂದು, ಮುಂದಿನ ವಾರವೇ ಶುರು ಮಾಡಿಬಿಡುತ್ತಿದ್ದರು.

ಅದರ ಬೆಲೆ ಕೊಟ್ಟವರು ರೋಗಿಗಳು. 1991ರಲ್ಲಿ ಅಮೆರಿಕದ ಸರ್ಜನ್‌ಗಳ ಒಂದು ಬಳಗ ತಾವು ಮಾಡಿದ 1518 ಪಿತ್ತಕೋಶದ ಆಪರೇಷನ್‌ಗಳ ಲೆಕ್ಕವನ್ನು ಮುಚ್ಚುಮರೆ ಇಲ್ಲದೆ ಪ್ರಕಟಿಸಿತು. ಒಂದೊಂದು ತಂಡದ ಮೊದಲ 13 ರೋಗಿಗಳಲ್ಲಿ ಪಿತ್ತನಾಳಕ್ಕೆ ಪೆಟ್ಟಾದದ್ದು ನೂರಕ್ಕೆ 2.2. ಅವರ ನಂತರ ಬಂದವರಲ್ಲಿ ನೂರಕ್ಕೆ 0.1. ಪಿತ್ತನಾಳ ಅಂದರೆ ಯಕೃತ್ತಿನಿಂದ ಕರುಳಿಗೆ ಪಿತ್ತರಸ ಹರಿಯುವ ಕೊಳವೆ. ಅದನ್ನು ತಪ್ಪಿ ಕತ್ತರಿಸಿದರೆ ಸಣ್ಣ ಆಪರೇಷನ್ನಿಗೆ ಅಂತ ಬಂದವರು ಮತ್ತೊಂದು ದೊಡ್ಡ ಆಪರೇಷನ್‌ಗೆ ಒಳಗಾಗಬೇಕು, ವರ್ಷಗಟ್ಟಲೆ ತೊಂದರೆ ಪಡಬೇಕು. ಆ ಮೊದಲ ಹದಿಮೂರು ಜನರಲ್ಲಿ ಒಬ್ಬರಾಗಲು ಯಾರು ಒಪ್ಪುತ್ತಾರೆ ಹೇಳಿ? ನಾನಂತೂ ನಮ್ಮ ಮನೆಯವರನ್ನು ಕಳಿಸುವುದಿಲ್ಲ. ಹಾಗಿದ್ದ ಮೇಲೆ ಬೇರೆಯವರ ಮನೆಯವರನ್ನು ಹೇಗೆ ಕಳಿಸೋದು? ತರಬೇತಿಯ ಮಾತು ಶುರುವಾಗಬೇಕಾದದ್ದೇ ಇಲ್ಲಿಂದ.

ಈ ಕೆಲಸ ಯಾಕಿಷ್ಟು ಕಷ್ಟ? ಉಪಕರಣ ಹೊಟ್ಟೆಯ ತೂತಿನಲ್ಲಿ ಸಿಕ್ಕಿಕೊಂಡಿರುತ್ತದಲ್ವಾ, ಹಾಗಾಗಿ ಕೈ ಬಲಕ್ಕೆ ಹೋದರೆ ಒಳಗಿನ ತುದಿ ಎಡಕ್ಕೆ ಹೋಗುತ್ತದೆ. ಕೈ ಎತ್ತಿದರೆ ತುದಿ ಕೆಳಗಿಳಿಯುತ್ತದೆ. ಪರದೆ ಚಪ್ಪಟೆ, ಆಳ ಗೊತ್ತಾಗುವುದಿಲ್ಲ. ಬೆರಳಿಗೆ ಸಿಗುತ್ತಿದ್ದ ಸ್ಪರ್ಶವೂ ಬಹುಪಾಲು ಹೋಯಿತು.

ಇದಕ್ಕೆ ಮೊದಲ ಮದ್ದು ತುಂಬ ಸರಳವಾದದ್ದು: ಒಂದು ಪೆಟ್ಟಿಗೆ. ಬಾಕ್ಸ್ ಟ್ರೇನರ್ ಅಂತಾರೆ. ಮೇಲೆ ತೂತುಗಳು, ಒಳಗೆ ಲೈಟು, ಕ್ಯಾಮೆರಾ, ಹೊರಗೆ ಪರದೆ. ಒಳಗಿನ ಹಲಗೆ ಮೇಲೆ ಕಡ್ಡಿಗಳು, ಅವುಗಳಲ್ಲಿ ಆರು ರಬ್ಬರ್ ತುಂಡು. ಒಂದು ಕೈಯ ಇಕ್ಕಳದಿಂದ ತುಂಡನ್ನು ಎತ್ತಿ, ಎಲ್ಲೂ ಊರದೆ ಇನ್ನೊಂದು ಕೈಯ ಇಕ್ಕಳಕ್ಕೆ ದಾಟಿಸಿ, ಆಚೆ ಬದಿಯ ಕಡ್ಡಿಗೆ ಹಾಕಬೇಕು. ಆರೂ ಮುಗಿದ ಮೇಲೆ ಅದೇ ರೀತಿ ವಾಪಸ್. ಹೊಸಬರನ್ನು ಗಮನಿಸಿ: ಇಕ್ಕಳ ತುಂಡನ್ನು ದಾಟಿ ಮುಂದೆ ಹೋಗಿ ಬರೀ ಗಾಳಿಯನ್ನು ಹಿಡಿಯುತ್ತದೆ, ಭುಜ ಕಿವಿಯ ತನಕ ಏರಿರುತ್ತದೆ, ಉಸಿರು ಕಟ್ಟಿಕೊಂಡಿರುತ್ತಾರೆ. ದಿನಾ ಸ್ವಲ್ಪ ಹೊತ್ತು ಮಾಡುತ್ತಾ ಹೋದರೆ ಕೆಲವು ವಾರದಲ್ಲಿ ಭುಜ ಇಳಿಯುತ್ತದೆ. ಕೈ ಯಾವ ಕಡೆ ಹೋಗಬೇಕು ಅಂತ ಯೋಚಿಸುವುದೇ ನಿಂತುಹೋಗುತ್ತದೆ. ಆಮೇಲೆ ಹೊಲಿಗೆ. ಸೂಜಿಯನ್ನು ಸರಿಯಾದ ಕೋನದಲ್ಲಿ ಹಿಡಿಯೋಕೇ ಬೇಕಾದಷ್ಟು ಸಮಯ ಹಿಡಿಯುತ್ತದೆ. ಗಂಟು ಹಾಕುವಾಗ ದಾರದ ಬಾಲ ಉದ್ದ ಉಳಿದರೆ ಎಷ್ಟು ಎಳೆದರೂ ಅದು ಸುತ್ತಿನಿಂದ ಆಚೆ ಬರುವುದೇ ಇಲ್ಲ, ಗಿಡ್ಡವಾದರೆ ಜಾರಿಹೋಗುತ್ತದೆ. ಇದನ್ನು ಮಾತಲ್ಲಿ ಹೇಳಿ ಕಲಿಸಲು ಆಗುವುದಿಲ್ಲ, ಮಾಡಿ ಮಾಡಿಯೇ ಬರಬೇಕು. ಅದೆಲ್ಲ ಪೆಟ್ಟಿಗೆಯೊಳಗೇ ಮುಗಿಯಲಿ ಅಂತ ನನ್ನ ಹಟ. ಅಮೆರಿಕದಲ್ಲಿ 2004ರಲ್ಲಿ ಇಂಥದ್ದೇ ಪೆಟ್ಟಿಗೆ ಇಟ್ಟುಕೊಂಡು ಎಫ್‌ಎಲ್‌ಎಸ್ ಅನ್ನುವ ಕೋರ್ಸ್ ಮತ್ತು ಪರೀಕ್ಷೆ ಶುರುವಾಯಿತು. ಕೆಲವು ವರ್ಷಗಳ ನಂತರ, ಜನರಲ್ ಸರ್ಜನ್ ಆಗಬೇಕಾದರೆ ಅದನ್ನು ಪಾಸ್ ಮಾಡಲೇಬೇಕು ಅಂತ ಅಲ್ಲಿನ ಸರ್ಜರಿ ಬೋರ್ಡ್ ನಿಯಮ ತಂದಿತು.

ಆಪರೇಷನ್ನನ್ನು ಕಂಪ್ಯೂಟರ್‌ನಲ್ಲೇ ಅಣಕಿಸಿ ಅಭ್ಯಾಸ ಮಾಡಿಸುವ ಸಿಮ್ಯುಲೇಟರ್‌ಗಳೂ ಬಂದವು. ಅವುಗಳಿಂದ ಲಾಭ ಇದೆಯೇ ಅನ್ನುವುದಕ್ಕೆ 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಒಂದು ಒಳ್ಳೆಯ ಉತ್ತರ ಬಂತು. ಕಲಿಯುತ್ತಿದ್ದ 16 ಡಾಕ್ಟರ್‌ಗಳಲ್ಲಿ ಅರ್ಧ ಜನರಿಗೆ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ, ಉಳಿದವರಿಗೆ ಎಂದಿನ ತರಬೇತಿ. ಆಮೇಲೆ ನಿಜವಾದ ಆಪರೇಷನ್ನಿನ ವಿಡಿಯೋ ನೋಡಿ ಹೋಲಿಸಿದರು. ಸಿಮ್ಯುಲೇಟರ್‌ನಲ್ಲಿ ಪಳಗಿದವರು ನೂರಕ್ಕೆ 29ರಷ್ಟು ಬೇಗ ಮುಗಿಸಿದ್ದರು. ಪಿತ್ತಕೋಶಕ್ಕೆ ಪೆಟ್ಟು ಮಾಡುವ ಅಥವಾ ಬೇಡದ ಜಾಗವನ್ನು ಸುಡುವ ಸಾಧ್ಯತೆ ಉಳಿದವರಲ್ಲಿ ಐದು ಪಟ್ಟು ಜಾಸ್ತಿ ಇತ್ತು. ಚಿಕ್ಕ ಪ್ರಯೋಗ, ಆದರೆ ದಾರಿ ತೋರಿಸಿತು.

ಇಲ್ಲಿಯ ತನಕ ಕೈಯ ಮಾತಾಯಿತು. ಆದರೆ ಕೈ ಪಳಗಿದರೆ ಸಾಕೇ?

ಸಾಲದು. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಪಿತ್ತನಾಳಕ್ಕೆ ಪೆಟ್ಟಾದ 252 ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಕೈಚಳಕದ ಕೊರತೆ ಕಂಡದ್ದು ನೂರಕ್ಕೆ 3ರಲ್ಲಿ ಮಾತ್ರ. ನೂರಕ್ಕೆ 97ರಲ್ಲಿ ಮೂಲ ಕಾರಣ ಕಣ್ಣು ಮೋಸ ಹೋದದ್ದು. ಮುಖ್ಯ ನಾಳವನ್ನೇ ಪಿತ್ತಕೋಶದ ಸಣ್ಣ ನಾಳ ಅಂದುಕೊಂಡು, ಪೂರ್ತಿ ನಂಬಿಕೆಯಿಂದ, ನೀಟಾಗಿ ಕ್ಲಿಪ್ ಹಾಕಿ ಕತ್ತರಿಸಿದ್ದರು! ಈ ಅಂಕಿಯನ್ನು ನನ್ನ ಬಳಿ ಕಲಿಯಲು ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಕಾಣಿಸಿದ್ದು ತಪ್ಪಾದರೆ ಕೈ ಎಷ್ಟು ಚುರುಕಾಗಿದ್ದರೂ ತಪ್ಪನ್ನೇ ಚುರುಕಾಗಿ ಮಾಡುತ್ತದೆ.

ಇದಕ್ಕೆ ಸ್ಟ್ರಾಸ್‌ಬರ್ಗ್ ಅನ್ನುವ ಸರ್ಜನ್ 1995ರಲ್ಲಿ ಒಂದು ಶಿಸ್ತು ಹೇಳಿಕೊಟ್ಟರು. ಕತ್ತರಿಸುವ ಮೊದಲು ಆ ಜಾಗದ ಕೊಬ್ಬನ್ನೆಲ್ಲ ಬಿಡಿಸಬೇಕು. ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬಿಡಿಸಬೇಕು. ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು, ಒಂದು ನಾಳ, ಒಂದು ರಕ್ತನಾಳ, ಅಂತ ಕಣ್ಣಾರೆ ಕಾಣಬೇಕು. ಕಾಣದಿದ್ದರೆ ಕತ್ತರಿ ಹಾಕಬಾರದು. ಬೇರೆಯವರನ್ನು ಕರೆಯಬೇಕು, ಇಲ್ಲ ಹೊಟ್ಟೆ ತೆರೆಯಬೇಕು. ಹಾಗೆ ತೆರೆಯುವುದು ಸೋಲಲ್ಲ. ಇದನ್ನು ಯಾವ ಸಿಮ್ಯುಲೇಟರೂ ಸರಿಯಾಗಿ ಕಲಿಸುವುದಿಲ್ಲ, ಯಾಕೆಂದರೆ ಅಲ್ಲಿ ಅಂಕ ಸಿಗುವುದು ಮುಗಿಸಿದ್ದಕ್ಕೆ, ನಿಲ್ಲಿಸಿದ್ದಕ್ಕಲ್ಲ.

ಕಣ್ಣನ್ನು ಪಳಗಿಸುವುದು ವಿಡಿಯೋ. ಹೇಗೂ ಕ್ಯಾಮೆರಾ ಒಳಗೇ ಇದೆ, ರೆಕಾರ್ಡ್ ಬಟನ್ ಒತ್ತಿದರೆ ಆಯಿತು. ತಾನು ಮಾಡಿದ್ದನ್ನು ತಾನೇ ಗುರುಗಳ ಪಕ್ಕ ಕೂತು ನೋಡಿದರೆ, ಆಗ ಕಾಣದೇ ಹೋದದ್ದು ಈಗ ಕಾಣುತ್ತದೆ. ಅಲ್ಲಿ ಎಳೆದದ್ದು ಜಾಸ್ತಿಯಾಯಿತು, ಇಲ್ಲಿ ಒಂದು ನಿಮಿಷ ತಡೆಯಬೇಕಿತ್ತು. ಅಮೆರಿಕದ ಮಿಶಿಗನ್‌ನಲ್ಲಿ 20 ಸರ್ಜನ್‌ಗಳು ಬೊಜ್ಜಿನ ಆಪರೇಷನ್ನಿನ ಒಂದೊಂದು ವಿಡಿಯೋ ಕೊಟ್ಟರು. ಯಾರದ್ದು ಅಂತ ಗೊತ್ತಿಲ್ಲದೆ ಬೇರೆ ಸರ್ಜನ್‌ಗಳು ಅಂಕ ಹಾಕಿದರು. 2013ರಲ್ಲಿ ಬಂದ ಫಲಿತಾಂಶ ಇದು: ಕಡಿಮೆ ಅಂಕದ ಗುಂಪಿನ ರೋಗಿಗಳಲ್ಲಿ ನೂರಕ್ಕೆ 14.5ರಷ್ಟು ಮಂದಿಗೆ ತೊಡಕು, ಹೆಚ್ಚು ಅಂಕದವರಲ್ಲಿ 5.2. ಒಂದೇ ಒಂದು ವಿಡಿಯೋ ಇಷ್ಟು ಹೇಳಬಲ್ಲದು ಅಂದರೆ ನನಗೆ ಇವತ್ತಿಗೂ ಆಶ್ಚರ್ಯ.

ಈಗ ಎಐ ಬಂದಿದೆ. ಪರದೆಯ ಮೇಲೆ ಇದು ಸುರಕ್ಷಿತ ಜಾಗ, ಇದು ಅಪಾಯದ ಜಾಗ ಅಂತ ಬಣ್ಣ ಹಚ್ಚಿ ತೋರಿಸುವ ಪ್ರಯೋಗಗಳು ನಡೆಯುತ್ತಿವೆ. ನನಗೆ ಇದರ ಬಗ್ಗೆ ಆಸೆಯಿದೆ. ಆದರೆ ಅದು ಕಲಿತದ್ದು ಸರ್ಜನ್‌ಗಳು ಗುರುತು ಹಾಕಿಕೊಟ್ಟ ವಿಡಿಯೋಗಳಿಂದ. ತೀರ ಊದಿಕೊಂಡ, ರಕ್ತ ತುಂಬಿದ ಹೊಟ್ಟೆಯನ್ನು ಜಾಸ್ತಿ ನೋಡಿರದಿದ್ದರೆ, ನಮಗೆ ಸಹಾಯ ಬೇಕಾದ ಹೊತ್ತಿನಲ್ಲೇ ಅದೂ ತಪ್ಪುತ್ತದೆ. ಸದ್ಯಕ್ಕೆ ಅದನ್ನು ಆಪರೇಷನ್ ಮುಗಿದ ಮೇಲೆ, ವಿಡಿಯೋ ನೋಡಿ ಕಲಿಯುವ ಕೋಣೆಯಲ್ಲಿ ಬಳಸುವುದೇ ಸರಿ ಅಂತ ನನ್ನ ಅನಿಸಿಕೆ.

ಇನ್ನೊಂದು ಮಾತು. ವಿಡಿಯೋ ರೋಗಿಯದ್ದು ಕೂಡ. ಅವರ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಬೇಕು, ಹೆಸರು ಅಳಿಸಿ ಇಡಬೇಕು, ಯಾರು ನೋಡುತ್ತಾರೆ ಅಂತ ಮೊದಲೇ ಹೇಳಬೇಕು. ಹಾಗೇ ಕಲಿಯುವವರಿಗೂ ಒಂದು ಭರವಸೆ ಬೇಕು. ಕಲಿಯಲು ತೋರಿಸಿದ ತಪ್ಪನ್ನು ಅವರನ್ನು ಶಿಕ್ಷಿಸಲು ಬಳಸಿದರೆ, ಮಾರನೇ ದಿನದಿಂದ ಯಾರೂ ಆ ಬಟನ್ ಒತ್ತುವುದಿಲ್ಲ, ಕಷ್ಟದ ಆಪರೇಷನ್‌ಗಳಲ್ಲಂತೂ ಒತ್ತುವುದೇ ಇಲ್ಲ. ನೋಡಿ ಕಲಿಯಬೇಕಾದದ್ದು ಜಾಸ್ತಿ ಇರುವುದು ಅವುಗಳಲ್ಲೇ.

ನಮಸ್ಕಾರ.