ತಕ್ಕಡಿಯಿಂದ ರಿಂಗಿನವರೆಗೆ: ವೃತ್ತಿಪರ ಬಾಕ್ಸಿಂಗ್‌ನಲ್ಲಿ ತೂಕ, ನೀರು ಮತ್ತು ಬಾಕ್ಸರ್‌ನ ಸುರಕ್ಷತೆ

ಮಾನ್ಯ ಸಭಿಕರೇ,

2000ದ ಫೆಬ್ರವರಿ 26ರ ರಾತ್ರಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆರ್ಟುರೊ ಗಾಟಿ ಮತ್ತು ಜೋಯಿ ಗಮಾಶ್ ಸೆಣಸಿದರು. ಒಪ್ಪಂದದ ಪ್ರಕಾರ ಇಬ್ಬರ ತೂಕವೂ 141 ಪೌಂಡ್, ಅಂದರೆ ಸುಮಾರು 64 ಕಿಲೋ, ಮೀರುವಂತಿರಲಿಲ್ಲ. ಹಿಂದಿನ ದಿನ ನಡೆದ ತೂಕ ಪರೀಕ್ಷೆಯಲ್ಲಿ ಗಾಟಿ ಮಿತಿಯೊಳಗೇ ಇದ್ದಾರೆಂದು ಅಧಿಕಾರಿಗಳು ಘೋಷಿಸಿದರು. ತಕ್ಕಡಿ ಸ್ಥಿರವಾಗುವ ಮೊದಲೇ ಅವರು ಕೆಳಗಿಳಿದರೆಂದು ಗಮಾಶ್ ಕಡೆಯವರು ಆಕ್ಷೇಪಿಸಿದರು. ಪಂದ್ಯದ ರಾತ್ರಿ ಎಚ್‌ಬಿಒ ವಾಹಿನಿಯವರು ಅನಧಿಕೃತವಾಗಿ ತೂಗಿದಾಗ ಗಮಾಶ್ 145 ಪೌಂಡ್ ಇದ್ದರು, ಗಾಟಿ 160 ಪೌಂಡ್. ಎರಡನೇ ಸುತ್ತಿನಲ್ಲಿಯೇ ಗಮಾಶ್ ಪ್ರಜ್ಞೆ ತಪ್ಪಿ ಬಿದ್ದರು. ಮಿದುಳಿಗೆ ಪೆಟ್ಟಾಗಿದ್ದ ಅವರು ಮತ್ತೆಂದೂ ರಿಂಗ್ ಹತ್ತಲಿಲ್ಲ. ಅವರು ಹೂಡಿದ ದಾವೆಯಲ್ಲಿ 2010ರಲ್ಲಿ ತೀರ್ಪು ಬಂತು: ತೂಕ ಪರೀಕ್ಷೆ ನಡೆಸುವುದರಲ್ಲಿ ಬಾಕ್ಸಿಂಗ್ ಪಂದ್ಯಗಳನ್ನು ನಿಯಂತ್ರಿಸುವ ರಾಜ್ಯದ ಅಥ್ಲೆಟಿಕ್ ಕಮಿಷನ್ ನಿರ್ಲಕ್ಷ್ಯ ತೋರಿದ್ದು ನಿಜ, ಆದರೆ ಆ ನಿರ್ಲಕ್ಷ್ಯದಿಂದಲೇ ಗಾಯವಾಯಿತೆಂಬುದು ಸಾಬೀತಾಗಿಲ್ಲ. ಗಮಾಶ್‌ಗೆ ಪರಿಹಾರ ಸಿಗಲಿಲ್ಲ.

ಹಿಂದೆ ಪಂದ್ಯದ ದಿನದ ಬೆಳಿಗ್ಗೆಯೇ ತೂಕ ನೋಡುವ ಪದ್ಧತಿಯಿತ್ತು. ಬೆವರು ಹರಿಸಿ, ಹಸಿದು, ಒಣಗಿದ ದೇಹದಲ್ಲೇ ಬಾಕ್ಸರ್‌ಗಳು ರಾತ್ರಿ ರಿಂಗಿಗೆ ಇಳಿಯುತ್ತಿದ್ದರು. ಅವರಿಗೆ ನೀರು, ಆಹಾರ ಸೇವಿಸಲು ಸಮಯ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಪರೀಕ್ಷೆಯನ್ನು ಹಿಂದಿನ ದಿನಕ್ಕೆ ಸರಿಸಲಾಯಿತು. ಆದರೆ ಸಮಯ ಹೆಚ್ಚಿದಷ್ಟೂ ಇಳಿಸುವ ತೂಕವೂ ಹೆಚ್ಚಿತು. ಮರಳಿ ತುಂಬಿಕೊಳ್ಳಲು ಒಂದು ಇಡೀ ದಿನವಿದೆ ಎಂದಾಗ, ತನ್ನ ಸಹಜ ತೂಕಕ್ಕಿಂತ ಎರಡು ತೂಕ-ವರ್ಗ ಕೆಳಗಿಳಿದು, ತನಗಿಂತ ಸಣ್ಣವನನ್ನು ಎದುರಿಸುವ ಲೆಕ್ಕಾಚಾರ ಯಾರ ತಲೆಗೂ ಹೊಳೆಯುತ್ತದೆ.

ಹೀಗೆ ತೂಕ ಇಳಿಸುವ ದಿನಗಳಲ್ಲಿ ದೇಹದೊಳಗೆ ನಡೆಯುವುದನ್ನು ತುಸು ಹತ್ತಿರದಿಂದ ನೋಡೋಣ. ಕೊನೆಯ ವಾರ ಅಕ್ಕಿ, ಬ್ರೆಡ್‌ನಂಥ ಪಿಷ್ಟಾಹಾರ ನಿಲ್ಲಿಸಿದಾಗ ಸ್ನಾಯುಗಳಲ್ಲಿ ಶಕ್ತಿಗಾಗಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಖಾಲಿಯಾಗುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಹೊರಟುಹೋಗುತ್ತದೆ. ಬಳಿಕ ಉಪ್ಪು ಬಿಡುತ್ತಾರೆ, ನೀರು ಬಿಡುತ್ತಾರೆ, ಬಿಸಿನೀರಿನ ತೊಟ್ಟಿಯಲ್ಲಿ ಮಲಗುತ್ತಾರೆ, ಪ್ಲಾಸ್ಟಿಕ್ ಉಡುಪು ತೊಟ್ಟು ಸೌನಾದಲ್ಲಿ, ಅಂದರೆ ಬಿಸಿ ಹವೆಯ ಕೋಣೆಯಲ್ಲಿ, ಕೂರುತ್ತಾರೆ. ರಕ್ತದ ಪ್ರಮಾಣ ಕುಗ್ಗುತ್ತದೆ, ಹೃದಯದ ಬಡಿತ ಏರುತ್ತದೆ, ಮೂತ್ರಪಿಂಡಗಳ ಮೇಲೆ ಒತ್ತಡ ಬೀಳುತ್ತದೆ. ತಕ್ಕಡಿಯಿಂದ ಇಳಿದ ಮೇಲೆ ಗಟಗಟನೆ ಕುಡಿದ ನೀರು ಹೊಟ್ಟೆಯನ್ನೂ ರಕ್ತವನ್ನೂ ಬೇಗ ಸೇರಬಹುದು. ಜೀವಕೋಶಗಳ ಒಳಗಿನ ಸಮತೋಲನ ಮರಳುವುದು ನಿಧಾನ. ತೂಕ ಮರಳಿತೆಂದರೆ ದೇಹವೂ ಮರಳಿತೆಂದು ಭಾವಿಸುವುದೇ ಇಲ್ಲಿನ ದೊಡ್ಡ ಭ್ರಮೆ. ಒಣಗಿದ ಸ್ಥಿತಿಯಲ್ಲಿ ಮಿದುಳಿನ ಗಾತ್ರ ಸ್ವಲ್ಪ ಕುಗ್ಗಬಲ್ಲದು. ಆಗ ಅದನ್ನೂ ಅದರ ಹೊರಪೊರೆಯನ್ನೂ ಬೆಸೆಯುವ ಸೂಕ್ಷ್ಮ ರಕ್ತನಾಳಗಳು ಹೊಡೆತಕ್ಕೆ ಸುಲಭವಾಗಿ ಹರಿಯಬಹುದೆಂಬುದು ಅನೇಕ ವೈದ್ಯರ ಆತಂಕ.

ಇದಕ್ಕೆ ವಿಶ್ವ ಪಟ್ಟ ನೀಡುವ ಸಂಸ್ಥೆಗಳಲ್ಲೊಂದಾದ ಐಬಿಎಫ್ ಕಂಡುಕೊಂಡ ಮಾರ್ಗ ಪಂದ್ಯದ ಬೆಳಿಗ್ಗೆ ಮತ್ತೊಮ್ಮೆ ತೂಗುವುದು. ಅದರ ಪ್ರಶಸ್ತಿ ಪಂದ್ಯಗಳಲ್ಲಿ ಬಾಕ್ಸರ್ ತನ್ನ ವರ್ಗದ ಮಿತಿಗಿಂತ 10 ಪೌಂಡ್‌ಗೂ ಹೆಚ್ಚು ತೂಗುವಂತಿಲ್ಲ. ಆದರೆ 2017ರ ಮಾರ್ಚ್‌ನಲ್ಲಿ ಗೆನ್ನಡಿ ಗೊಲೊವ್ಕಿನ್ ಎದುರಿನ ಪಂದ್ಯಕ್ಕೆ ಮುನ್ನ ಡೇನಿಯಲ್ ಜೇಕಬ್ಸ್ ಆ ಪರೀಕ್ಷೆಗೆ ಹೋಗಲೇ ಇಲ್ಲ. ಐಬಿಎಫ್ ಪಟ್ಟದ ಅವಕಾಶವೊಂದನ್ನು ಬಿಟ್ಟುಕೊಟ್ಟು, ರಾತ್ರಿ ಎಂದಿನಂತೆ ಆಡಿದರು.

ಪ್ರಮೋಟರ್‌ಗಳು ಒಪ್ಪಂದಗಳಲ್ಲಿ ಸೇರಿಸುವ ಮರುಜಲೀಕರಣದ ಷರತ್ತಂತೂ (ತಕ್ಕಡಿಯಿಂದ ಇಳಿದ ಮೇಲೆ ಎಷ್ಟು ತೂಕ ಮರಳಿ ಪಡೆಯಬಹುದೆಂಬ ಮಿತಿ) ನನಗೆ ಇನ್ನೂ ಕಳವಳಕಾರಿಯಾಗಿ ಕಾಣುತ್ತದೆ. 2023ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಗೆರ್ವೊಂಟಾ ಡೇವಿಸ್ ಎದುರು ಆಡಿದ ರಯಾನ್ ಗಾರ್ಸಿಯಾ 136 ಪೌಂಡ್‌ಗೆ ಇಳಿಯಬೇಕಿತ್ತು, ಮರುದಿನ 146 ಮೀರಬಾರದಿತ್ತು. 2025ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಕಾನರ್ ಬೆನ್ ಎದುರು ಇಳಿದ ಕ್ರಿಸ್ ಯೂಬ್ಯಾಂಕ್ ಜೂನಿಯರ್ ಮೇಲೂ ಇದೇ ಬಗೆಯ 10 ಪೌಂಡ್‌ಗಳ ಕಟ್ಟುಪಾಡಿತ್ತು. 160ರ ಮಿತಿಯನ್ನು 0.05 ಪೌಂಡ್‌ನಷ್ಟು ಮೀರಿದ್ದಕ್ಕೆ ಅವರು 5 ಲಕ್ಷ ಡಾಲರ್ ದಂಡ ತೆತ್ತು, ಹನ್ನೆರಡು ಸುತ್ತು ಆಡಿ ಗೆದ್ದು, ನಂತರ ಆಸ್ಪತ್ರೆ ಸೇರಿದರು. ಇಂಥ ಷರತ್ತು ವೈದ್ಯರ ಸಲಹೆಯಿಂದ ಹುಟ್ಟಿದ್ದಲ್ಲ, ಚೌಕಾಸಿಯಿಂದ ಹುಟ್ಟಿದ್ದು. ಮಾತುಕತೆಯಲ್ಲಿ ಮೇಲುಗೈಯಿರುವವರು ದೊಡ್ಡ ಮೈಕಟ್ಟಿನ ಎದುರಾಳಿಯನ್ನು ಮೊದಲು ಒಣಗಿಸಿ, ಬಳಿಕ ಚೇತರಿಸಿಕೊಳ್ಳದಂತೆ ತಡೆಯುತ್ತಾರೆ. ಕಡಿಮೆ ತೂಕದ ಎದುರಾಳಿಗೆ ಅದರಿಂದ ರಕ್ಷಣೆ ಸಿಗುತ್ತದೆಂಬ ವಾದವನ್ನು ಒಪ್ಪೋಣ. ಆ ರಕ್ಷಣೆಯ ಬೆಲೆಯನ್ನು ಇನ್ನೊಬ್ಬರ ಮಿದುಳು ತೆರಬಾರದು.

ಪಂದ್ಯದ ಬೆಳಗಿನ ಪರೀಕ್ಷೆಯೊಂದನ್ನೇ ಮತ್ತೆ ತಂದರೂ ಸಾಲದು. ಕುಸ್ತಿಯಲ್ಲಿ ಅದೇ ಪದ್ಧತಿಯಿದ್ದೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ವಿನೇಶ್ ಫೋಗಟ್ ರಾತ್ರಿಯಿಡೀ ಬೆವರು ಹರಿಸಿ, 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡದ್ದನ್ನು ನಾವೆಲ್ಲ ಕಂಡಿದ್ದೇವೆ. 1997ರ ಕೊನೆಯಲ್ಲಿ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ತೀರಿಕೊಂಡ ಮೇಲೆ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಸಮಸ್ಯೆಯ ಬೇರಿಗೇ ಕೈಹಾಕಿತು: ಸೌನಾ, ರಬ್ಬರ್ ಉಡುಪುಗಳನ್ನು ನಿಷೇಧಿಸಿತು, ಋತುವಿನ ಆರಂಭದಲ್ಲಿ ಮೂತ್ರದ ಸಾಂದ್ರತೆ ಪರೀಕ್ಷಿಸಿ, ದೇಹದಲ್ಲಿ ನೀರು ಸಾಕಷ್ಟಿರುವಾಗಲೇ ಪ್ರತಿಯೊಬ್ಬರ ಕನಿಷ್ಠ ತೂಕ ನಿಗದಿಪಡಿಸಿತು. ಬಾಕ್ಸಿಂಗ್‌ನಲ್ಲಿ ಇದಕ್ಕೆ ಹತ್ತಿರದ್ದು ಪಟ್ಟ ನೀಡುವ ಇನ್ನೊಂದು ಸಂಸ್ಥೆಯಾದ ಡಬ್ಲ್ಯೂಬಿಸಿಯ ನಿಯಮ: ಪ್ರಶಸ್ತಿ ಪಂದ್ಯಕ್ಕೆ 30 ದಿನ ಮೊದಲು ಮಿತಿಗಿಂತ ಶೇಕಡಾ 10ರೊಳಗೆ, 7 ದಿನ ಮೊದಲು ಶೇಕಡಾ 5ರೊಳಗೆ ತೂಕವಿರಬೇಕು. ದಿಕ್ಕು ಸರಿಯಾಗಿದೆ. ಆದರೆ ಇದು ಪಟ್ಟಕ್ಕಾಗಿ ಆಡುವ ಕೆಲವರಿಗೆ ಮಾತ್ರ. ಸಣ್ಣ ಸಂಭಾವನೆಗೆ ಆರು ಸುತ್ತು ಆಡುವ ಹುಡುಗನ ತೂಕವನ್ನು ತಿಂಗಳ ಮೊದಲು ಕೇಳುವವರು ವಿರಳ.

ಹೀಗಾಗಿ ಈ ಹೊಣೆ ಪಟ್ಟ ನೀಡುವ ಸಂಸ್ಥೆಗಳದಾಗಲಿ ಪ್ರಮೋಟರ್‌ಗಳದಾಗಲಿ ಆಗಿರದೆ ಪರವಾನಗಿ ನೀಡುವ ಕಮಿಷನ್‌ಗಳದ್ದಾಗಬೇಕು. ವಾರಗಳ ಮುಂಚಿನ ತೂಕ ಮತ್ತು ಮೂತ್ರ ಪರೀಕ್ಷೆಯ ಜೊತೆಗೆ ಪಂದ್ಯವನ್ನೇ ರದ್ದುಮಾಡುವ ಧೈರ್ಯವೂ ಅವುಗಳಿಗೆ ಬೇಕು. 2018ರಲ್ಲಿ ಟೋಕಿಯೊದಲ್ಲಿ ಲೂಯಿಸ್ ನೆರಿ ಮಿತಿಗಿಂತ ಎರಡು ಕಿಲೋಗೂ ಹೆಚ್ಚು ತೂಗಿ, ಮರುಪರೀಕ್ಷೆಯಲ್ಲೂ ಸೋತು ತಕ್ಕಡಿಯ ಮೇಲೆಯೇ ಪಟ್ಟ ಕಳೆದುಕೊಂಡರು. ಪಂದ್ಯ ಮಾತ್ರ ನಿಲ್ಲಲಿಲ್ಲ. ಮಿತಿಯೊಳಗಿದ್ದ ಶಿನ್ಸುಕೆ ಯಮನಾಕ ಎರಡೇ ಸುತ್ತುಗಳಲ್ಲಿ ನಾಲ್ಕು ಸಲ ನೆಲಕ್ಕೆ ಬಿದ್ದರು. ಜಪಾನ್ ಬಾಕ್ಸಿಂಗ್ ಕಮಿಷನ್ ನೆರಿಯವರನ್ನು ನಿಷೇಧಿಸಿದ್ದು ಇಷ್ಟೆಲ್ಲ ಆದ ನಂತರ.