ಮಧ್ಯಾಂಕ ಯಾವ ಮನೆಯಲ್ಲಿದೆ? ಪ್ರೌಢಶಾಲೆಯ ಗಣಿತ ಮತ್ತು ಸಂಖ್ಯಾಶಾಸ್ತ್ರದ ಓದು

ವಿದ್ಯಾರ್ಥಿಗಳೇ, ಶಿಕ್ಷಕ ಮಿತ್ರರೇ,

ಸಂಖ್ಯಾಶಾಸ್ತ್ರ ಅಂದರೆ ಸೂತ್ರ ಬಾಯಿಪಾಠ ಮಾಡಿ ಅಂಕ ಗಿಟ್ಟಿಸುವ ಅಧ್ಯಾಯ ಎಂಬ ಮಾತು ಪ್ರೌಢಶಾಲೆಗಳಲ್ಲಿ ಓಡಾಡುತ್ತಿರುತ್ತದೆ. ಅಂಕವೇನೋ ಬರುತ್ತದೆ. ಆದರೆ ಲೆಕ್ಕ ಕೆಟ್ಟಾಗ ಕೆಟ್ಟಿದ್ದು ಗೊತ್ತೇ ಆಗುವುದಿಲ್ಲ. ಅದಕ್ಕೇ ಇವತ್ತು ಒಂದು ಲೆಕ್ಕವನ್ನು ನಿಧಾನವಾಗಿ ಬಿಡಿಸೋಣ. ಹಾಳೆ, ಪೆನ್ನು ತೆಗೆದುಕೊಳ್ಳಿ.

30 ಮಕ್ಕಳ ಅಂಕಗಳು ಹೀಗಿವೆ: 0–10ರಲ್ಲಿ 3 ಮಕ್ಕಳು, 10–20ರಲ್ಲಿ 5, 20–30ರಲ್ಲಿ 9, 30–40ರಲ್ಲಿ 8, 40–50ರಲ್ಲಿ 5. ಸರಿಯಾಗಿ 20 ಅಂಕ ಬಂದವರನ್ನು 20–30ರಲ್ಲೇ ಎಣಿಸಿದ್ದೇವೆ. ಮಧ್ಯಾಂಕ, ಅಂದರೆ ಅಂಕಗಳನ್ನು ಏರಿಕೆ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವ ಬೆಲೆ, ಎಷ್ಟು?

ಸೂತ್ರ ಬರೆಯುವ ಮೊದಲು ಆವೃತ್ತಿಗಳನ್ನು, ಅಂದರೆ ಪ್ರತಿ ಗುಂಪಿನ ಮಕ್ಕಳ ಸಂಖ್ಯೆಗಳನ್ನು, ಒಂದೊಂದಾಗಿ ಕೂಡುತ್ತಾ ಬನ್ನಿ: 3, 8, 17, 25, 30. ಇದು ಸಂಚಿತ ಆವೃತ್ತಿ. 30ರ ಅರ್ಧ 15. 0–10, 10–20ರಂಥ ಒಂದೊಂದು ಗುಂಪೂ ಒಂದು ವರ್ಗಾಂತರ. ಎರಡನೆಯ ವರ್ಗಾಂತರ ಮುಗಿಯುವಾಗ 8 ಮಕ್ಕಳಾದರು, ಮೂರನೆಯದು ಮುಗಿಯುವಾಗ 17. ಹಾಗಾದರೆ 15 ಮೂರನೆಯದರೊಳಗೇ ಇದೆ. ಉತ್ತರ 20 ಮತ್ತು 30ರ ನಡುವೆ ಬರಲೇಬೇಕು. ಇಷ್ಟನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಸೂತ್ರ. 15 ತಲುಪಲು 8ರ ಮೇಲೆ ಇನ್ನೂ 7 ಮಕ್ಕಳು ಬೇಕು. ಆ ವರ್ಗಾಂತರದಲ್ಲಿರುವ 9 ಮಕ್ಕಳು 10 ಅಂಕಗಳ ಅಗಲದಲ್ಲಿ ಸಮವಾಗಿ ಹರಡಿದ್ದಾರೆ ಎಂದುಕೊಂಡರೆ, 10ರಲ್ಲಿ ಒಂಬತ್ತನೇ ಏಳು ಭಾಗ ನಡೆಯಬೇಕು. ಅಂದರೆ 7.78. ಅದಕ್ಕೆ 20 ಕೂಡಿಸಿದರೆ 27.78. ಸೂತ್ರದಲ್ಲಿ ಇರುವುದು ಇಷ್ಟೇ. ಇದನ್ನು ತಿಳಿದವರು ಸೂತ್ರ ಮರೆತರೂ ಲೆಕ್ಕ ಮಾಡಿಯಾರು.

ಎಡವುವುದು ಎಲ್ಲಿ? ಹಿಂದಿನ ವರ್ಗಾಂತರದ 8ರ ಬದಲು ಅದೇ ಸಾಲಿನ 17 ತೆಗೆದುಕೊಳ್ಳುವುದರಲ್ಲಿ. ಆಗ 15ರಲ್ಲಿ 17 ಕಳೆದು −2, ಕೊನೆಗೆ ಉತ್ತರ 17.78. ಅಂಚಿನಲ್ಲಿ ‘20 ಮತ್ತು 30ರ ನಡುವೆ’ ಎಂದು ಬರೆದವರಿಗೆ ಇದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಬರೆಯದವರು ಅಡಿಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಎಲ್ಲ ತಪ್ಪೂ ಹೀಗೆ ಕೂಗಿ ಹೇಳುವುದಿಲ್ಲ. ಅದೇ ಅಂಕಗಳ ಸರಾಸರಿ ನೋಡಿ. ವರ್ಗಾಂತರಗಳ ಮಧ್ಯಬಿಂದುಗಳು 5, 15, 25, 35, 45. ನಡುವಿನ 25ನ್ನು ಊಹಿತ ಸರಾಸರಿ (ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡ ಬೆಲೆ) ಎಂದಿಟ್ಟುಕೊಂಡರೆ ಹಂತ ವಿಚಲನೆಗಳು, ಅಂದರೆ ಪ್ರತಿ ಮಧ್ಯಬಿಂದು 25ರಿಂದ ಎಷ್ಟು ಹತ್ತುಗಳ ದೂರದಲ್ಲಿದೆ ಎಂಬುದು, −2, −1, 0, 1, 2. ಆವೃತ್ತಿಗಳಿಂದ ಗುಣಿಸಿ ಕೂಡಿದರೆ −6, −5, 0, 8, 10, ಒಟ್ಟು 7. ಅದನ್ನು 30ರಿಂದ ಭಾಗಿಸಿ, ವರ್ಗಾಂತರದ ಗಾತ್ರ 10ರಿಂದ ಗುಣಿಸಿ, 25ಕ್ಕೆ ಸೇರಿಸಿದರೆ 27.33. ಆ 10ರಿಂದ ಗುಣಿಸುವುದು ಮರೆತರೆ 25.23 ಬರುತ್ತದೆ. ನೋಡಲು ಅದೂ ಸಭ್ಯವಾಗಿಯೇ ಇದೆ! ಇಂಥ ಕಡೆ ಅಂದಾಜು ಸಾಲದು, ಇನ್ನೊಂದು ದಾರಿಯಲ್ಲಿ ಮಾಡಿ ನೋಡಬೇಕು. ಮಧ್ಯಬಿಂದುಗಳನ್ನು ನೇರವಾಗಿ ಆವೃತ್ತಿಗಳಿಂದ ಗುಣಿಸಿ ಕೂಡಿದರೆ ಮೊತ್ತ 820, ಅದನ್ನು 30ರಿಂದ ಭಾಗಿಸಿದರೆ 27.33. ಎರಡೂ ದಾರಿ ಒಂದೇ ಕಡೆ ಸೇರಿದವು.

ಬೀಜಗಣಿತದಲ್ಲೂ ಇದೇ ಪಾಡು. ಎಕ್ಸ್‌ನ ವರ್ಗ 5 ಎಕ್ಸ್‌ಗೆ ಸಮ ಎಂದು ಕೊಟ್ಟರೆ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ 5 ಎಂದು ಬರೆದು ಮುಗಿಸುವವರು ಬಹಳ. ಎಕ್ಸ್ ಸೊನ್ನೆಯಾಗಿದ್ದರೆ ಆ ಭಾಗಾಕಾರವೇ ಸಲ್ಲದು. ಹಾಗೆ ಭಾಗಿಸಿದ್ದರಿಂದಲೇ ಸೊನ್ನೆ ಎಂಬ ಮೂಲ (ಸಮೀಕರಣದ ಇನ್ನೊಂದು ಉತ್ತರ) ಕೈತಪ್ಪಿತು. ಎಲ್ಲವನ್ನೂ ಒಂದೇ ಕಡೆ ತಂದು ಅಪವರ್ತಿಸಿ. (‘ವರ್ಗ’ ಎಂಬ ಬಡಪಾಯಿ ಪದ ಒಂದು ಕಡೆ ಘಾತ, ಇನ್ನೊಂದು ಕಡೆ ಅಂಕಗಳ ಗುಂಪು. ಹೊಸಬರು ಗಲಿಬಿಲಿಗೊಂಡರೆ ತಪ್ಪು ಅವರದಲ್ಲ.)

ಸಂಭವನೀಯತೆಯಲ್ಲಿ ತಪ್ಪುವವರಿಗೆ ಒಳ್ಳೆಯ ಜೊತೆಯಿದೆ. ಎರಡು ಸಲ ನಾಣ್ಯ ಚಿಮ್ಮಿದರೆ ಒಂದಾದರೂ ತಲೆ ಬೀಳುವ ಸಂಭವನೀಯತೆ 2/3 ಎಂದು ಫ್ರಾನ್ಸಿನ ಗಣಿತಜ್ಞ ದಾಲಂಬೇರ್ 1754ರಲ್ಲಿ ವಾದಿಸಿದ. ಮೊದಲ ಸಲವೇ ತಲೆ ಬಿದ್ದರೆ ಆಟ ಮುಗಿಯಿತು. ಆದ್ದರಿಂದ ಇರುವುದು ಮೂರೇ ಫಲಿತ: ತಲೆ, ಬಾಲ-ತಲೆ, ಬಾಲ-ಬಾಲ. ಎಣಿಕೆ ಸರಿ, ಆದರೆ ಮೂರೂ ಸಮಾನ ಸಾಧ್ಯತೆಯವಲ್ಲ. ಮೊದಲನೆಯದರ ಸಾಧ್ಯತೆ 1/2, ಉಳಿದೆರಡರದು ತಲಾ 1/4. ಸರಿಯುತ್ತರ 3/4. ಫಲಿತಗಳನ್ನು ಎಣಿಸುವ ಮುಂಚೆ ಅವು ಸಮಾನವೇ ಎಂದು ಕೇಳಿಕೊಳ್ಳಿ.

ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಡಿಸಿದ ಲೆಕ್ಕವನ್ನು ಓದಿ ‘ಅರ್ಥವಾಯಿತು’ ಅನ್ನಿಸುವುದನ್ನು ನಂಬಬೇಡಿ. ತಪ್ಪಿದ ಲೆಕ್ಕವನ್ನು ನಾಲ್ಕು ದಿನ ಬಿಟ್ಟು, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಮೊದಲಿನಿಂದ ಮಾಡಿ. ಪಕ್ಕದಲ್ಲಿ ‘17 ಅಲ್ಲ, 8’ ಎಂಬಂತೆ ಒಂದೇ ಸಾಲು ಟಿಪ್ಪಣಿ ಇರಲಿ. ‘ಅಜಾಗರೂಕತೆ’ ಎಂದು ಬರೆದುಕೊಂಡರೆ ಮುಂದಿನ ಸಲ ಎಲ್ಲಿ ನೋಡಬೇಕೆಂದೇ ತಿಳಿಯುವುದಿಲ್ಲ.

ಈಗ ನಿಮ್ಮ ಪಾಳಿ. 4, 5, 5, 6, 30: ಸರಾಸರಿ 10, ಮಧ್ಯಾಂಕ 5. ಆ 30ನ್ನು 60 ಮಾಡಿ. ಯಾವುದು ಕದಲುತ್ತದೆ, ಯಾವುದು ಕದಲುವುದಿಲ್ಲ ಎಂದು ಲೆಕ್ಕ ಮಾಡದೆಯೇ ಬರೆಯಿರಿ.